ಎಷ್ಟು ಕಡಿಮೆ

ಗ್ರಿಮ್ಸ್‌ಬಿ, ಫ್ರೀಮನ್ ಸ್ಟ್ರೀಟಿನ ತುದಿ, ಹಾರ್ಡ್‌ವೇರ್ ಅಂಗಡಿ.
ಬೆಳಗಿನ ಒಂಬತ್ತು. ಪಾಳಿ ಮುಗಿಸಿ ಬಂದ ನನಗೆ
ಇದು ಸರಿರಾತ್ರಿ.
ಗಾಜಿನ ಕೆಳಗೆ ಹನ್ನೊಂದು ಟಾರ್ಚು,
ಹೆರಿಗೆ ವಾರ್ಡಿನ ಕೂಸುಗಳ ಹಾಗೆ ಸಾಲಾಗಿ ಮಲಗಿವೆ.

ಕ್ಲಿಫರ್ಡ್ ಎಲ್ಲಕ್ಕಿಂತ ದಪ್ಪನೆಯದನ್ನು ಎತ್ತಿದ:
"ಎರಡು ಸಾವಿರ ಲ್ಯೂಮೆನ್ ಕಣಮ್ಮಾ,
ಹಂಬರ್ ಆಚೆ ದಡದ ಕುರಿ ಎಣಿಸಬಹುದು."
ಕುರಿ ಎಣಿಸುವ ಕೆಲಸ ನನ್ನದಲ್ಲ, ನಿದ್ದೆ ಬಾರದವರದು.
ನನ್ನ ಲೋಕ ಹದಿನಾಲ್ಕು ಹಾಸಿಗೆ.
ಅತಿ ದೂರ ಅಂದರೆ ದಿಂಬಿನಿಂದ ಹಿಮ್ಮಡಿ.

"ಎಷ್ಟು ಕಡಿಮೆ ಉರಿಯುತ್ತೆ?" ಅಂದೆ.
ಅವನು ಕನ್ನಡಕ ಹಣೆಗೇರಿಸಿದ.
ಮೂವತ್ತು ವರ್ಷದ ವ್ಯಾಪಾರದಲ್ಲಿ ಯಾರೂ
ಬೆಳಕನ್ನು ಈ ತುದಿಯಿಂದ ಕೇಳಿರಲಿಲ್ಲವಂತೆ.

ಟಕ್ ಅನ್ನುವ ಗುಂಡಿ ಬೇಡ.
ವಿನಿಫ್ರೆಡ್‌ಗೆ ಅಷ್ಟು ಸದ್ದು ಸಾಕು; ಎದ್ದು ಕೂತು
ಬಸ್ಸು ಬಂತಾ, ಬಸ್ಸು ಬಂತಾ ಅನ್ನುತ್ತಾಳೆ ಬೆಳಗಿನ ತನಕ.
ಕತ್ತು ತಿರುಪಿದರೆ ಹತ್ತುವಂಥದು ಇದ್ದರೆ ತೋರಿಸು.
ಜೇಬಿನಲ್ಲಿ ಪೆನ್ನಿನ ಪಕ್ಕ ತೆಪ್ಪಗಿರಬೇಕು,
ನಾನು ಬಗ್ಗಿದಾಗ ಮಲಗಿದವರ ಎದೆ ಮೇಲೆ ಬೀಳಬಾರದು.
ಎರಡೂ ಕೈಯಿಂದ ಮೈ ಹೊರಳಿಸುವಾಗ
ಹಲ್ಲಲ್ಲಿ ಕಚ್ಚಿಕೊಳ್ಳುತ್ತೇನೆ. ಹಾಗಾಗಿ
ನನ್ನ ಬಾಯಿಗೂ ಅದು ಒಪ್ಪಿಗೆಯಾಗಬೇಕು.
ಬಟ್ಟೆಯ ಜೊತೆ ಮಿಷಿನ್ನಿನಲ್ಲಿ ಸುತ್ತಿ ಬಂದರೂ
ಉಸಿರಿರಬೇಕು. ಮೊದಲನೆಯದು ಹಾಗೇ ಸತ್ತಿತು.

"ಚಾರ್ಜ್ ಮಾಡುವಂಥದು?"
ಸ್ಟಾಫ್ ರೂಮಿನಲ್ಲಿ ಇರುವುದೇ ಒಂದು ಪ್ಲಗ್ಗು,
ಅದಕ್ಕಾಗಿ ಕೆಟಲ್ಲಿಗೂ ರೊವೀನಾಳ ಫೋನಿಗೂ ನಿತ್ಯದ ವ್ಯಾಜ್ಯ.
ಬೇಡ. ಒಂದು ಪುಟ್ಟ ಸೆಲ್ ಸಾಕು,
ಯಾವ ಪೆಟ್ರೋಲ್ ಬಂಕಿನಲ್ಲೂ ಸಿಗುವಂಥದು.

ಹನ್ನೊಂದರಲ್ಲಿ ಉಳಿದದ್ದು ಮೂರು.
ಕತ್ತಲೆ ಇಲ್ಲದೆ ಬೆಳಕು ಕೊಳ್ಳುವುದು ಹೇಗೆ?
ಹಿಂದಿನ ಗೋದಾಮಿಗೆ ಕರೆದೊಯ್ದ,
ಪೇಂಟ್ ಡಬ್ಬಗಳ ನಡುವೆ ನಿಲ್ಲಿಸಿ ಬಾಗಿಲು ಎಳೆದ.
ಮುಂಗೈ ಮೇಲೆ ಒಂದೊಂದೇ ಬಿಟ್ಟು ನೋಡಿದೆ.
ಮೊದಲನೆಯದು ನೀಲಿ. ಕೈ ನನ್ನದಲ್ಲ,
ಶವಾಗಾರದಿಂದ ಕಡ ತಂದದ್ದು.
ಎರಡನೆಯದರಲ್ಲಿ ಹಸಿರು ಛಾಯೆ, ಪಾಚಿ ಕಟ್ಟಿದಂತೆ.
ಮೂರನೆಯದು ಸೊಡರಿನ ಹಳದಿ.
ಕಂದು ಚರ್ಮ ಕಂದಾಗಿಯೇ ಕಂಡಿತು,
ಹೆಬ್ಬೆರಳ ಬುಡದ ಇಸ್ತ್ರಿಪೆಟ್ಟಿಗೆಯ ಸುಟ್ಟ ಗಾಯವೂ.

ಟಾರ್ಚಿಗೆ ಇಷ್ಟೊಂದು ಪರೀಕ್ಷೆಯೇ, ಅಂದ.
ಅವನಿಗೆ ಹೇಳಲಿಲ್ಲ.

ಏಳನೇ ಹಾಸಿಗೆಯ ಆಸ್ಗರ್ಬಿ, ಮೀನು ಹಡಗಿನ ಮುದುಕ.
ನನ್ನ ಹಳೆಯ ಟಾರ್ಚು ಕಣ್ಣು ಕುಕ್ಕುತ್ತಿತ್ತು,
ಅವನ ನಿದ್ದೆ ಕೆಡಬಾರದೆಂದು
ಬೆಳಕಿನ ಬಾಯಿಗೆ ಬೆರಳು ಮುಚ್ಚುತ್ತಿದ್ದೆ.
ನನ್ನ ನೆತ್ತರಲ್ಲಿ ಸೋಸಿ ಬಂದ ಬೆಳಕು
ಗೋಡೆ ಕೆಂಪು, ದುಪ್ಪಟಿ ಕೆಂಪು,
ಹಿಮ್ಮಡಿ ಕೆಂಪು.
ಕೆಂಪಿನೊಳಗೆ ಕೆಂಪನ್ನು ಯಾರು ಕಂಡಾರು?
ಮೂರು ರಾತ್ರಿ "ಸರಿಯಿದೆ" ಎಂದು ಬರೆದು ಸಹಿ ಹಾಕಿದೆ.
ನಾಲ್ಕನೆಯ ಹಗಲು ಯಾರೋ ಕಾಲುಚೀಲ ತೆಗೆದರು,
ಪೌಂಡ್ ನಾಣ್ಯದಗಲ ತೆರೆದುಕೊಂಡಿತ್ತು.

ಕ್ಷಮೆ ಕೇಳಲು ಹೋದೆ.
ಅವನು ಕಿಟಕಿ ಕಡೆ ನೋಡುತ್ತಾ,
"ಸಮುದ್ರದಲ್ಲಿ ಕೆಂಪು ದೀಪ ಅಂದರೆ
ಹಡಗಿನ ಎಡಗಡೆ ಅಂತ ಅರ್ಥ, ಹುಡುಗಿ" ಅಂದ.
ಗಾಯ ಆಗಿದ್ದು ಎಡಗಾಲಿಗೇ.
ನಗಬೇಕಿತ್ತೋ ಏನೋ. ಬ್ಯಾಂಡೇಜು ಕತ್ತರಿಸಿದೆ.

ಹನ್ನೊಂದು ಪೌಂಡ್ ನಲವತ್ತು.
ಸೆಲ್ ಪುಕ್ಕಟೆ ಹಾಕಿಕೊಟ್ಟ ಕ್ಲಿಫರ್ಡ್.
ಬಸ್ಸಿನಲ್ಲಿ, ಬಿಸಿಲಲ್ಲಿ, ಜೇಬಿನೊಳಗೇ ತಿರುಪಿದೆ.
ಹತ್ತಿತೋ ಇಲ್ಲವೋ ತಿಳಿಯಲಿಲ್ಲ,
ಅಷ್ಟು ಕಡಿಮೆ.
ರೂಮಿಗೆ ಬಂದು ಪರದೆ ಎಳೆದ ಮೇಲೆ ನೋಡುತ್ತೇನೆ,
ದಾರಿಯುದ್ದಕ್ಕೂ ಉರಿದುಕೊಂಡೇ ಬಂದಿದೆ.
ಸೆಲ್ ದಂಡ ಅಂತ ಬೈದುಕೊಂಡೆ.
ಆರಿಸಲಿಲ್ಲ.